ಶ್ರಾವಣದ ಶೆಡ್ಡಿನಲ್ಲಿ ಉಳಿದ ಕೋಳಿ

ಪುಣೆ, 24 ಜುಲೈ 2025, ಗುರುವಾರ

ನಮ್ಮ ಕಡೆಯವರಿಗೆ ಇವತ್ತು ಭೀಮನ ಅಮಾವಾಸ್ಯೆ, ಇಲ್ಲಿಯವರಿಗೆ ಗಟಾರಿ, ಅಂದರೆ ಶ್ರಾವಣಕ್ಕೆ ಮುಂಚೆ ಮಾಂಸದೂಟ ಮಾಡಿ ಮುಗಿಸುವ ದಿನ. ನಾಳೆಯಿಂದ ಶ್ರಾವಣ. ಒಂದು ತಿಂಗಳು ಮಾಂಸ ಬಿಟ್ಟರೆ ಅಷ್ಟು ಹಿಂಸೆ ತಪ್ಪಿತು ಎಂದು ಪುಣೆಯ ಕನ್ನಡ ಮನೆಗಳಲ್ಲೂ ಹೇಳುತ್ತಾರೆ. ವ್ರತದ ಬಗ್ಗೆ ತಕರಾರಿಲ್ಲ. ಆದರೆ ಬ್ರಾಯ್ಲರ್ ಕೋಳಿಯ ಲೆಕ್ಕ ಬೇರೆ.

ಮೊಟ್ಟೆ ಮರಿಯಾಗಲು 21 ದಿನ, ಮರಿ 2 ಕೆಜಿ ದಾಟಲು 40 ದಿನದ ಆಸುಪಾಸು. ಅಂದರೆ ನಾಳೆ ಮಾರಾಟಕ್ಕೆ ಬರುವ ಹಕ್ಕಿಯ ಮೊಟ್ಟೆಯನ್ನು ಮೇ ಕೊನೆಗೇ ಕಾವಿಗಿಟ್ಟಾಗಿದೆ. ನಾವು ಬಿಟ್ಟರೆ ಅದು ಬದುಕುವುದಿಲ್ಲ, ಶೆಡ್ಡಿನಲ್ಲಿ ಇನ್ನಷ್ಟು ದಿನ ಉಳಿಯುತ್ತದೆ, ಅಷ್ಟೇ.

ಉಳಿದರೆ ಆಗುವುದೇನು? ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪನಿಯದು, ಕೋಳಿಯೂ ಕಂಪನಿಯದೇ. ಶೆಡ್ಡು, ಕರೆಂಟು, ನೀರು, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ಆಳಿನ ಕೂಲಿ ರೈತನವು. ಅವನಿಗೆ ಸಿಗುವುದು ಕೆಜಿಗೆ ಕೆಲವೇ ರೂಪಾಯಿಯ ಸಾಕಣೆ ಕೂಲಿ. ಬೇಡಿಕೆ ಬಿದ್ದಾಗ ಕಂಪನಿಯ ಗಾಡಿ ತಡವಾಗಿ ಬರುತ್ತದೆ. 40 ದಿನದವರೆಗೆ ಒಂದು ಕೆಜಿ ತೂಕಕ್ಕೆ ಸುಮಾರು 1.6 ಕೆಜಿ ಮೇವು ಸಾಕು. ಆಮೇಲೆ ತಿಂದದ್ದು ಅದೇ ಪ್ರಮಾಣದಲ್ಲಿ ಮೈಗೆ ಹತ್ತುವುದಿಲ್ಲ. ಮೇವಿನ ಲೆಕ್ಕ ಕೆಟ್ಟಿತೆಂದು ಕೂಲಿ ಕತ್ತರಿಸುತ್ತಾರೆ. ತಡಮಾಡಿದವರು ಒಬ್ಬರು, ದಂಡ ತೆರುವವನು ಇನ್ನೊಬ್ಬ. ಇದು ಶುದ್ಧ ಅನ್ಯಾಯ.

ಹಕ್ಕಿಯ ಪಾಡೂ ಕೆಡುತ್ತದೆ. ತಲಾ ಒಂದು ಚದರ ಅಡಿಯ ಜಾಗದಲ್ಲಿ ಮೈ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾಗಿ ಗಟ್ಟಿ ಹೆಪ್ಪುಗಟ್ಟುತ್ತದೆ. ದಿನಾ ಕೆದರಿ ಒಣಗಿಸದಿದ್ದರೆ ಹಿಕ್ಕೆಯ ಅಮೋನಿಯಾ ಕಣ್ಣಿಗೇ ಹೊಡೆಯುತ್ತದೆ. ಭಾರದ ಕೋಳಿ ನಿಲ್ಲಲಾರದೆ ಅದರ ಮೇಲೇ ಕೂತಿರುತ್ತದೆ. ಅಂಗಡಿಯ ಪಂಜರದಲ್ಲಿ ಅದರ ಕಾಲು ನೋಡಿ: ಪಾದದ ಮೇಲಿನ ಗಂಟಿನ ಹಿಂಬದಿಯಲ್ಲಿ ಕಂದುಗಪ್ಪು ಕಲೆಯಿದ್ದರೆ ಅದು ಹೆಚ್ಚಾಗಿ ಒದ್ದೆ ನೆಲ ಸುಟ್ಟ ಗುರುತು. ಕಾಲು ಕಡಿದು ಚರ್ಮ ಸುಲಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಗಟಾರಿಗೆ ಎರಡು ಕೆಜಿ, ಶ್ರಾವಣಕ್ಕೆ ಸೊನ್ನೆ ಎನ್ನುವುದಕ್ಕಿಂತ ವರ್ಷವಿಡೀ ಕಡಿಮೆ ತಿನ್ನುವುದು ನ್ಯಾಯಕ್ಕೆ ಹತ್ತಿರ. ವ್ರತ ಹಿಡಿಯುವವರು ಹಿಂದಿನ ವಾರದ ಭರಾಟೆಯನ್ನಾದರೂ ಬಿಡಬಹುದು. ನಾಲ್ವರಿಗೆ ಅರ್ಧ ಕೆಜಿ ಸಾಕು: ಕತ್ತು, ಬೆನ್ನಿನ ಎಲುಬನ್ನು ಸಣ್ಣ ಉರಿಯಲ್ಲಿ 40 ನಿಮಿಷ ಕುದಿಸಿ, ಆ ರಸದಲ್ಲೇ ಮೊಳಕೆ ಬಂದ ಮಡಕಿಕಾಳು ಬೇಯಿಸಿ, ಕೊನೆಗೆ ತುಂಡು ಹಾಕಬೇಕು. ಉಪ್ಪು ಮೊದಲೇ ಸುರಿದರೆ ರಸ ಇಂಗಿದಂತೆ ಸಾರು ಉಪ್ಪಾಗುತ್ತದೆ.

ತಟ್ಟೆಯಿಂದಾಗುವುದು ಇಷ್ಟೇ, ಮುಖ್ಯವಾಗಿ ಬದಲಾಗಬೇಕಾದದ್ದು ಕರಾರು. ಕೋಳಿ ಎತ್ತುವ ಕೊನೆಯ ದಿನ ಅದರಲ್ಲಿ ಬರೆದಿರಬೇಕು, ಆ ದಿನ ದಾಟಿದ ಮೇಲಿನ ಮೇವು ರೈತನ ಲೆಕ್ಕಕ್ಕೆ ಬರಬಾರದು, ಕಂಪನಿ ಮರಿ ಬಿಡದೆ ಶೆಡ್ಡು ಖಾಲಿ ಇಟ್ಟ ವಾರಗಳಿಗೂ ಬಾಡಿಗೆ ಸಿಗಬೇಕು.