ಕಿಂಡರ್ ಸ್ಕೌಟ್‌ನಲ್ಲಿ ದಾರಿ ಕೇಳೋಕೆ ಯಾರೂ ಇಲ್ಲ

ಕುಮಾರ ಪರ್ವತವನ್ನು ನಾಲ್ಕು ಸಲ ಹತ್ತಿದ್ದೇನೆ. ಒಂದು ಸಲವೂ ನಕ್ಷೆ ಬಿಡಿಸಿದ್ದಿಲ್ಲ. ಮುಂದೆ ಹೋಗುವವರ ಬೆನ್ನು ನೋಡಿಕೊಂಡು ನಡೆದರಾಯಿತು. ಅನುಮಾನ ಬಂದರೆ ಇಳಿದು ಬರುತ್ತಿರುವವರನ್ನು ಕೇಳಿದರಾಯಿತು. "ಇನ್ನೆಷ್ಟು ದೂರ ಅಣ್ಣಾ?" "ಇಲ್ಲೇ, ಅರ್ಧ ಗಂಟೆ." ಗಿರಿಗದ್ದೆಯಲ್ಲಿ ಕೇಳಿದರೂ ಅರ್ಧ ಗಂಟೆ, ಮಂಟಪದ ಹತ್ತಿರ ಕೇಳಿದರೂ ಅರ್ಧ ಗಂಟೆ, ಅದು ಬೇರೆ ಮಾತು.

ಮ್ಯಾಂಚೆಸ್ಟರ್‌ಗೆ ಬಂದು ಇಲ್ಲಿನ ಬೆಟ್ಟ ನಡಿಗೆಯ ಕ್ಲಬ್ ಒಂದಕ್ಕೆ ಸೇರಿದೆ. ಚಳಿಗಾಲದ ನಡಿಗೆಗೆ ಬರುವುದಾದರೆ ಮೊದಲು ಒಂದು ದಿನ ತರಬೇತಿ ಆಗಬೇಕು ಅಂದರು. ನಡೆಯೋದಕ್ಕೂ ತರಬೇತಿಯಾ ಅಂತ ಒಳಗೊಳಗೇ ನಕ್ಕು, ಅಕ್ಟೋಬರ್‌ನ ಒಂದು ಶನಿವಾರ ಬೆಳಗ್ಗೆ ಪಿಕಡಿಲಿ ನಿಲ್ದಾಣದಲ್ಲಿ ರೈಲು ಹತ್ತಿದೆ. ಮುಕ್ಕಾಲು ಗಂಟೆಗೆ ಈಡೇಲ್, ಕಿಂಡರ್ ಸ್ಕೌಟ್ ಬೆಟ್ಟದ ಬುಡದ ಊರು. ಕಲ್ಲಿನ ಮನೆಗಳು, ಒಂದು ಚರ್ಚು, ಪಬ್ಬು, ಎಲ್ಲೆಲ್ಲೂ ಕುರಿ. 431 ಕಿ.ಮೀ. ಉದ್ದದ ಪೆನೈನ್ ವೇ ನಡಿಗೆ ಹಾದಿ ಶುರುವಾಗುವುದು ಈ ಪುಟ್ಟ ಊರಿನಿಂದಲೇ.

ನಾವು ಆರು ಜನ. ಕಲಿಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ಅವರು ಮೊದಲು ಮಾಡಿದ್ದು ಎಲ್ಲರ ಬ್ಯಾಗ್ ಬಿಚ್ಚಿಸಿದ್ದು. ನನ್ನದರಲ್ಲಿ ಪುಳಿಯೋಗರೆ ಡಬ್ಬಿ, ಪವರ್ ಬ್ಯಾಂಕ್, ಒಂದು ಕೊಡೆ. ಕೊಡೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಮೇಲಿನ ಗಾಳಿಗೆ ಅದು ಒಂದು ನಿಮಿಷ ಬಾಳುವುದಿಲ್ಲವಂತೆ. ಅದನ್ನು ತೆಗೆದಿಟ್ಟು ಸೀಟಿ, ತಲೆಗೆ ಕಟ್ಟುವ ಟಾರ್ಚ್, ಇನ್ನೊಂದು ಸ್ವೆಟರ್ ಹಾಕಿಸಿದರು. ಪುಳಿಯೋಗರೆ ಉಳಿಯಿತು.

ಹೊರಡುವ ಮುಂಚೆ, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಒಂದು ಲೆಕ್ಕ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಹಾಕಿಕೊಟ್ಟದ್ದು, ಇಲ್ಲಿ ಇವತ್ತಿಗೂ ಅದನ್ನೇ ಹಿಡಿಯುತ್ತಾರೆ. ಈಗ ಹೇಳುವ ರೀತಿಯಲ್ಲಿ, ಗಂಟೆಗೆ ಐದು ಕಿ.ಮೀ., ಜೊತೆಗೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ. ಗ್ರೈಂಡ್ಸ್‌ಬ್ರೂಕ್ ಹಳ್ಳದ ಗುಂಟ ಮೇಲಕ್ಕೆ ಸುಮಾರು ಮೂರು ಕಿ.ಮೀ., ಏರು ಮುನ್ನೂರೈವತ್ತು ಮೀಟರ್. ಅಂದರೆ 36 ಮತ್ತು 35, ಒಟ್ಟು 71 ನಿಮಿಷ. ನಮಗೆ ಹಿಡಿದದ್ದು ನೂರು. ಕೊನೆಗೆ ಬಂಡೆಗಳ ಮೇಲೆ ಕೈಯೂರಿ ಹತ್ತಬೇಕಿತ್ತು, ಆಗ ನನ್ನ ಮಂಡಿ ಸ್ವಲ್ಪ ತಕರಾರು ಮಾಡಿತು.

ಕಿಂಡರ್ ಸ್ಕೌಟ್ 636 ಮೀಟರ್ ಅಷ್ಟೇ. ನಮ್ಮ ಕುದುರೆಮುಖದ ಮುಂದೆ ಮರಿ. ಆದರೆ ಅದಕ್ಕೆ ಶಿಖರ ಅನ್ನುವುದೇ ಇಲ್ಲ. ಮೇಲೆ ಹೋದರೆ ಮೈಲುಗಟ್ಟಲೆ ಚಪ್ಪಟೆ, ಕಪ್ಪು, ಒದ್ದೆ. ಸಾವಿರಾರು ವರ್ಷ ಪಾಚಿ ಪೂರ್ತಿ ಕೊಳೆಯದೆ ಕೂಡಿಟ್ಟ ಪೀಟ್ ಮಣ್ಣು ಅದು. ನೀರು ಅದರಲ್ಲಿ ಆಳುದ್ದ, ಎರಡಾಳುದ್ದ ಕಾಲುವೆಗಳನ್ನು ಕೊರೆದಿದೆ. ಗ್ರಫ್ ಅಂತಾರೆ. ಅದರೊಳಗೆ ಇಳಿದರೆ ಕಾಣುವುದು ಎರಡು ಕಪ್ಪು ಗೋಡೆ, ಮೇಲೊಂದು ಪಟ್ಟಿ ಆಕಾಶ. ಈ ಬೆಟ್ಟದಲ್ಲಿ ನಡೆಯುವುದಕ್ಕಾಗಿ ಜನ ಜೈಲಿಗೂ ಹೋಗಿದ್ದಾರೆ. ಆಗ ಇದು ಜಮೀನ್ದಾರರ ಬೇಟೆಯ ಜಾಗ. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ಹುಡುಗ ಹುಡುಗಿಯರು ಬೇಕಂತಲೇ ಅತಿಕ್ರಮಣ ಮಾಡಿ ಹತ್ತಿದರು. ಐದು ಜನರಿಗೆ ಸೆರೆವಾಸವಾಯಿತು.

ನಾವು ಹತ್ತಿದ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಟೀಚರ್‌ಗೆ ಖುಷಿಯೋ ಖುಷಿ. "ಈಗ ಪಾಠ ಶುರು" ಅಂದರು.

1:25,000 ನಕ್ಷೆಯಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿ.ಮೀ. ನಿಂತ ಜಾಗಕ್ಕೂ ಹೋಗಬೇಕಾದ ಜಾಗಕ್ಕೂ ಕಂಪಾಸಿನ ಅಂಚು ಇಡಬೇಕು. ಅದರ ಚಕ್ರ ತಿರುಗಿಸಿ, ಒಳಗಿನ ಗೆರೆಗಳನ್ನು ನಕ್ಷೆಯ ಉತ್ತರ ದಕ್ಷಿಣ ಗೆರೆಗಳಿಗೆ ಸರಿಹೊಂದಿಸಬೇಕು. ಆಮೇಲೆ ಎದೆಯ ಮಟ್ಟಕ್ಕೆ ಹಿಡಿದು, ಕೆಂಪು ಸೂಜಿ ಚಕ್ರದೊಳಗೆ ಬಿಡಿಸಿದ ತನ್ನ ಗೂಡು ಸೇರುವವರೆಗೆ ನಾವೇ ಸುತ್ತಬೇಕು. ಕಂಪಾಸಿನ ತಳದ ಪಟ್ಟಿಯ ಮೇಲಿನ ಬಾಣ ತೋರಿಸಿದ ಕಡೆಗೆ ನಡಿಗೆ. ಸುಲಭ ಅಲ್ವಾ?

ಎಲ್ಲರೂ ಒಂದು ಕಡೆ ಮುಖ ಮಾಡಿ ನಿಂತರು. ನಾನೊಬ್ಬ ಬೇರೆ ಕಡೆ. ಚಕ್ರ ಮತ್ತೆ ತಿರುಗಿಸಿದೆ, ಗೆರೆ ಮತ್ತೆ ಹೊಂದಿಸಿದೆ. ಊಹೂಂ. ಟೀಚರ್ ಹತ್ತಿರ ಬಂದು ನನ್ನ ಜಾಕೆಟ್ಟಿನ ಎದೆ ಜೇಬನ್ನು ಒಂದು ಬೆರಳಿನಿಂದ ತಟ್ಟಿದರು. ಒಳಗೆ ಮೊಬೈಲ್. ಅದರ ಸ್ಪೀಕರ್‌ನಲ್ಲಿ ಅಯಸ್ಕಾಂತ ಇರುತ್ತದೆ. ಹೊರಗೆ ತೆಗೆದು ದೂರ ಹಿಡಿದೆ. ಸೂಜಿ ನಡುಗಿತು, ನಿಧಾನಕ್ಕೆ ತಿರುಗಿತು, ಬೇರೆ ಕಡೆ ಹೋಗಿ ನಿಂತಿತು. ದಾರಿ ತೋರಿಸಲಿ ಅಂತ ಜೇಬಿನಲ್ಲಿ ಇಟ್ಟುಕೊಂಡದ್ದೇ ದಾರಿ ತಪ್ಪಿಸುತ್ತಿತ್ತು.

ಆದರೆ ಗ್ರಫ್‌ಗಳಲ್ಲಿ ನೇರ ನಡೆಯುವುದು ಎಲ್ಲಿಂದ ಬಂತು? ಒಬ್ಬರನ್ನು ಮುಂದೆ ಕಳಿಸುವುದು, ಕಂಪಾಸ್ ಹಿಡಿದವರು ಹಿಂದಿನಿಂದ ಎಡಕ್ಕೆ, ಬಲಕ್ಕೆ ಅಂತ ಕೂಗುವುದು, ಅವರು ನಿಂತ ಮೇಲೆ ಎಲ್ಲರೂ ಹೋಗಿ ಸೇರುವುದು. ಪ್ರತಿ ಸಲ ಇಳಿದು ಹತ್ತುವಾಗ ಪೀಟ್ ಬೂಟನ್ನು ಚಪ್ಪರಿಸಿ ಬಿಡುತ್ತಿತ್ತು.

ಊಟಕ್ಕೆ ಕಿತ್ತಳೆ ಬಣ್ಣದ ಒಂದು ನೈಲಾನ್ ಚೀಲ ಬಿಚ್ಚಿದರು. ಅದನ್ನು ತಲೆಯ ಮೇಲಿಂದ ಹೊದ್ದು, ಅಂಚನ್ನು ನಮ್ಮಡಿಗೆ ಸಿಕ್ಕಿಸಿಕೊಂಡು ಏಳೂ ಜನ ಅದರೊಳಗೆ ಮಂಡಿಗೆ ಮಂಡಿ ತಾಗಿಸಿ ಕೂತೆವು. ಎರಡೇ ನಿಮಿಷಕ್ಕೆ ಒಳಗೆ ಬೆಚ್ಚಗಾಗಿ ಕನ್ನಡಕಗಳೆಲ್ಲ ಮಂಜಾದವು. ಡಬ್ಬಿ ಮುಚ್ಚಳ ತೆಗೆದೆ ನೋಡಿ, ಇಂಗಿನ ವಾಸನೆಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ನನಗೆ ಸಿಕ್ಕಿದ್ದು ಮೂರು ತುತ್ತು. ಅಲ್ಲೇ ಪಾಠವೂ ಆಯಿತು. ಅಪಾಯವಾದರೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಫೋನ್ ಸಿಕ್ಕರೆ 999, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ಬರುವವರು ಸಂಬಳದವರಲ್ಲ, ಸುತ್ತಲಿನ ಊರುಗಳ ಸ್ವಯಂಸೇವಕರು. ಮನೆ ಊಟ ಬಿಟ್ಟು ಎದ್ದು ಬರುತ್ತಾರೆ.

ಕತ್ತಲಾಗುವಾಗ ನನ್ನ ಸರದಿ. ನಾನೂರು ಮೀಟರ್ ಆಚೆ ಎರಡು ತೊರೆ ಸೇರುವ ಜಾಗಕ್ಕೆ ಕರೆದೊಯ್ಯಬೇಕು. ಎಡಗಾಲು ಊರಿದಾಗಲೆಲ್ಲ ಒಂದು ಎಣಿಸಿದರೆ ನನಗೆ ನೂರು ಮೀಟರ್‌ಗೆ 64 ಹೆಜ್ಜೆ. ಬೆಳಗ್ಗೆ ದಾರಿಯಲ್ಲೇ ಅಳೆದಿದ್ದೆವು. ಅಂದರೆ 256. ಟಾರ್ಚಿನ ಬೆಳಕು ಮಂಜಿಗೆ ಬಡಿದು ಮುಖಕ್ಕೇ ವಾಪಸ್. ಕನ್ನಡದಲ್ಲಿ ಎಣಿಸುತ್ತಾ ಹೋದೆ. 256 ಆಯಿತು. ತೊರೆ ಇಲ್ಲ. ಹಿಂದೆ ಯಾರೂ ಉಸಿರೆತ್ತಲಿಲ್ಲ. ಟೀಚರ್ ಮುಖ ನೋಡಿದೆ, ಅವರು ಬೇಕಂತಲೇ ಬೂಟಿನ ಲಾಡಿ ಕಟ್ಟುತ್ತಿದ್ದರು. ಕೆಸರಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ ಅಂತ ಮಧ್ಯಾಹ್ನ ಹೇಳಿದ್ದು ನೆನಪಾಯಿತು. ಇನ್ನು ಮೂವತ್ತು ನೋಡೋಣ ಅಂದುಕೊಂಡೆ. ಇಪ್ಪತ್ತೆರಡಕ್ಕೆ ಎಡಗಡೆ ನೀರಿನ ಸದ್ದು ಕೇಳಿತು.

ರಾತ್ರಿ ಒಂಬತ್ತೂವರೆಗೆ ಮನೆ. ಬೂಟು, ಪ್ಯಾಂಟು ಎಲ್ಲ ಬಾತ್‌ಟಬ್‌ಗೆ ಹಾಕಿ ನೀರು ಬಿಟ್ಟೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ, ನಿಮ್ಮ ಕ್ಲಬ್‌ನವರು ಭತ್ತದ ನಾಟಿ ಮಾಡ್ಸಿದ್ರಾ?" ಅಂದಳು.