ಗೋಡೆಯ ಮೇಲಿನ ವೆಂಟಿಲೇಟರ್

ನಮ್ಮ ಕಡೆ ವೆಂಟಿಲೇಟರ್ ಅಂದರೆ ಕಿಟಕಿಗಿಂತ ಮೇಲೆ, ಸೂರಿನ ಹತ್ತಿರ ಇರುವ ಗೂಡು. ಗುಬ್ಬಿ ಬಂದು ಕಡ್ಡಿ ಸೇರಿಸುವ ಜಾಗ. 2020ರ ಕೊರೊನಾದಲ್ಲಿ ಊರಿಗೆ ಊರೇ ಇನ್ನೊಂದು ಜಾತಿಯ ವೆಂಟಿಲೇಟರ್‌ಗಾಗಿ, ಅಂದರೆ ಉಸಿರಾಡಿಸುವ ಯಂತ್ರಕ್ಕಾಗಿ, ಪರದಾಡುತ್ತಿದ್ದಾಗ, ನಾನು ಏಣಿ ಹತ್ತಿ ಇದನ್ನು ಬಿಚ್ಚುತ್ತಿದ್ದೆ.

ಆಸ್ಪತ್ರೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ನಮ್ಮ ಹಳೇ ಬ್ಲಾಕಿನ ಜನರಲ್ ವಾರ್ಡಿಗೆ ಹದಿನಾಲ್ಕು ಅಡಿ ಎತ್ತರ, ಎರಡೂ ಕಡೆ ಕಿಟಕಿ, ಆಚೆ ವರಾಂಡ. ಚೆನ್ನಾಗಿ ಕಾಣಬೇಕು ಅಂತ ಫಾಲ್ಸ್ ಸೀಲಿಂಗ್ ಹಾಕಿಸಿ, ಗೂಡುಗಳಿಗೆ ಪ್ಲೈವುಡ್ ಹೊಡೆಸಿ, ಏಳು ಸ್ಪ್ಲಿಟ್ ಎಸಿ ಕೂರಿಸಿದ್ದೆವು. ಮುಂದೆ ನಿಂತು ಮಾಡಿಸಿದವನೂ ನಾನೇ, ಇನ್ನೊಬ್ಬರನ್ನು ಅನ್ನುವ ಹಾಗಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ಊದುತ್ತದೆ. ಒಬ್ಬ ಕೆಮ್ಮಿದರೆ ವಾರ್ಡಿಗೆಲ್ಲ ಪ್ರಸಾದ. ಪ್ಲೈವುಡ್ ಕಿತ್ತ ದಿನ ಪರದೆಗಳು ಅಲ್ಲಾಡಿದವು. "ಇಷ್ಟು ದಿನ ಇದನ್ಯಾಕೆ ಮುಚ್ಚಿದ್ರಿ ಸಾರ್?" ಅಂದರು ವಾರ್ಡಿನ ಸಿಸ್ಟರ್. ನಾನು ಏಣಿ ಮಡಚಿದೆ.

ಗಾಳಿಯದು ಸುಲಭದ ಪಾಠ. 2021ರ ಆಕ್ಸಿಜನ್ ಪಾಠ ಹಾಗಿರಲಿಲ್ಲ. ಮಾಮೂಲಿ ರೋಗಿಗೆ ನಿಮಿಷಕ್ಕೆ ಎರಡೋ ನಾಲ್ಕೋ ಲೀಟರ್ ಸಾಕು ಅಂತ ಲೆಕ್ಕ ಹಾಕಿ ಎಳೆದ ಸಣ್ಣ ಪೈಪು ನಮ್ಮದು. ಮೂಗಿಗೆ ಜೋರಾಗಿ ಆಕ್ಸಿಜನ್ ಊದುವ ಹೈ ಫ್ಲೋ ಮೆಷಿನ್ ನಿಮಿಷಕ್ಕೆ ಅರವತ್ತು ಲೀಟರ್‌ವರೆಗೂ ಕುಡಿಯುತ್ತದೆ. ಏಳು ಸಾವಿರ ಲೀಟರ್ ಹಿಡಿಯುವ ಜಂಬೋ ಸಿಲಿಂಡರ್ ಆ ಲೆಕ್ಕಕ್ಕೆ ಎರಡು ಗಂಟೆಯೂ ಬರುವುದಿಲ್ಲ. ಸಾಲಿನ ಕೊನೆಯ ಮಂಚಗಳಲ್ಲಿ ಪ್ರೆಷರ್ ಬೀಳುತ್ತಿತ್ತು. ದಪ್ಪ ಪೈಪು ಹಾಕೋಣ ಅಂದರೆ ಹೊಸ ಬ್ಲಾಕಿನ ಶಾಫ್ಟು, ಅಂದರೆ ಮಹಡಿಯಿಂದ ಮಹಡಿಗೆ ಪೈಪು ಹೋಗುವ ಕಿಂಡಿ, ಎಷ್ಟಿತ್ತು ಗೊತ್ತೇ? ನನ್ನ ಕೈ ಮೊಣಕೈವರೆಗೆ ಹೋಗುತ್ತಿತ್ತು, ಅಷ್ಟೇ. ಕೊನೆಗೆ ರೋಗಿಗಳು ಮಲಗಿದ್ದ ವಾರ್ಡಿನಲ್ಲೇ ಒದ್ದೆ ಬೆಡ್‌ಶೀಟ್ ಕಟ್ಟಿ, ಧೂಳು ತಡೆದುಕೊಂಡು, ಗೋಡೆ ಕೊರೆದೆವು. ಆ ಡ್ರಿಲ್ಲಿನ ಸದ್ದು ನನಗೆ ಈಗಲೂ ಆಗದು. ತಮಾಷೆ ಏನೆಂದರೆ, ಹಳೇ ಬ್ಲಾಕಿನಲ್ಲಿ ಇದೇ ಕೆಲಸ ವರಾಂಡದ ಗೋಡೆಗೆ ಕ್ಲಾಂಪ್ ಹೊಡೆದು ಒಂದೇ ರಾತ್ರಿಗೆ ಮುಗಿದಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವನಲ್ಲ ನಾನು. ಆಪರೇಷನ್ ಥಿಯೇಟರ್‌ಗೆ ಸೋಸಿದ ಗಾಳಿಯೇ ಬೇಕು, ಅದು ಒಳಗಿನಿಂದ ಹೊರಕ್ಕೆ ತಳ್ಳಬೇಕು. ಸೋಂಕಿನ ಕೋಣೆಗೆ ಇದರ ತದ್ವಿರುದ್ಧ, ಗಾಳಿ ಹೊರಗಿನಿಂದ ಒಳಕ್ಕೇ ಬರಬೇಕು. ಇಂಥ ಕಡೆ ಎಸಿ ಬೇಡ ಅಂದರೆ ನಡೆಯದು. ಮೈಸೂರಿನಲ್ಲಿ ನಾರಾಯಣ ಹೃದಯಾಲಯದವರು 2013ರ ಹೊತ್ತಿಗೆ ಕಡಿಮೆ ಖರ್ಚಿನಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ಎಸಿಯನ್ನು ಥಿಯೇಟರ್, ಐಸಿಯುಗೆ ಇಟ್ಟು, ವಾರ್ಡುಗಳನ್ನು ಕಿಟಕಿ ಗಾಳಿಗೇ ಬಿಟ್ಟರು. ಕರೆಂಟು ಹೋದಾಗ ಜನರೇಟರ್‌ಗೆ ಡೀಸೆಲ್ ಹೊರುವವನಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ನಮ್ಮಲ್ಲಿ ಇನ್ನೊಂದು ಬ್ಲಾಕ್ ಏಳುತ್ತಿದೆ. ಡ್ರಾಯಿಂಗ್ ತಂದ ಆರ್ಕಿಟೆಕ್ಟ್ ಹುಡುಗಿಗೆ ನಾನು ಕೇಳಿದ್ದು ಒಂದೇ: ಪ್ರತಿ ಮಹಡಿಯಲ್ಲೂ ಮನುಷ್ಯ ಒಳಗೆ ನಿಂತು ಸ್ಪ್ಯಾನರ್ ತಿರುಗಿಸುವಷ್ಟು ಶಾಫ್ಟು, ಅದಕ್ಕೆ ಕಾರಿಡಾರ್ ಕಡೆಯಿಂದ ಬಾಗಿಲು.

"ಇಷ್ಟು ಜಾಗದಲ್ಲಿ ಏನು ಹಾಕ್ತೀರ ಸಾರ್?"

"ಈಗಲೇ ಗೊತ್ತಿದ್ದಿದ್ರೆ ಅಷ್ಟೇ ಕೇಳ್ತಿದ್ದೆ ಕಣಮ್ಮ."

ಆಕೆ ನಾಲ್ಕು ಅಡಿ ಗುರುತು ಹಾಕಿದಳು. ಅಕೌಂಟ್ಸ್‌ನವರು ಅದನ್ನು ಎರಡಕ್ಕೆ ಇಳಿಸಿದರು, ಆ ಜಾಗದಲ್ಲಿ ಒಂದು ಬಿಲ್ಲಿಂಗ್ ಕೌಂಟರ್ ಬರುತ್ತದಂತೆ. ಸದ್ಯ ಮೂರಕ್ಕೆ ಬಂದು ನಿಂತಿದ್ದೇವೆ. ಸೋಮವಾರ ಮತ್ತೆ ಮೀಟಿಂಗ್ ಇದೆ, ಟೇಪು ಹಿಡಿದುಕೊಂಡೇ ಹೋಗುತ್ತೇನೆ.