ತಾಪಮಾನದ ಕಾಲಂ ಕೊನೆಗಿರಲಿ

ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಒಂದೇ ಆತುರ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ಎಷ್ಟು ಬೆಚ್ಚಗಿತ್ತು ಅನ್ನೋ ಗ್ರಾಫ್ ನೋಡಬೇಕು. ಅದಕ್ಕೇ ಎಕ್ಸೆಲ್ ಶೀಟಿನಲ್ಲಿ ಪುಟ್ಟ ಸಮುದ್ರಜೀವಿಗಳ ಚಿಪ್ಪಿನ ಮೆಗ್ನೀಸಿಯಂನಿಂದ ತಾಪಮಾನವನ್ನು ತಾನಾಗಿಯೇ ಲೆಕ್ಕ ಹಾಕುತ್ತಿದ್ದ ಸೂತ್ರವನ್ನು ನಾನು ತೆಗೆದುಹಾಕಿದೆ. ಕೆಲವರಿಗೆ ಇದು ಕಿರಿಕಿರಿ. ಇರಲಿ.

ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳಿವೆ. ಇವುಗಳಲ್ಲಿ ಕೆಲವು ಸಮುದ್ರದ ಮೇಲ್ಪದರದಲ್ಲಿ ತೇಲುತ್ತಾ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಬಿದ್ದು ಕೆಸರಲ್ಲಿ ಹೂತುಹೋಗುತ್ತದೆ. ಆ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಇರಬೇಕಾದ ಜಾಗಕ್ಕೆ ಅಲ್ಲಲ್ಲಿ ಮೆಗ್ನೀಸಿಯಂ ಬಂದು ಕೂತಿರುತ್ತದೆ. ನೀರು ಬೆಚ್ಚಗಿದ್ದಷ್ಟೂ ಅದು ಜಾಸ್ತಿ. ಒಂದು ಡಿಗ್ರಿಗೆ ಸುಮಾರು ಶೇ. 9ರಷ್ಟು.

ಈಗ ಲೆಕ್ಕ ನೋಡಿ. ಒಂದು ಮೋಲ್ ಕ್ಯಾಲ್ಸಿಯಂಗೆ 4 ಮಿಲಿಮೋಲ್ ಮೆಗ್ನೀಸಿಯಂ ಇದ್ದರೆ, ನಾವು ಬಳಸುವ ಸೂತ್ರದಲ್ಲಿ ನೀರು ಸುಮಾರು 26 ಡಿಗ್ರಿ. 4.4 ಇದ್ದರೆ 27ರ ಮೇಲೆ. ಈ 0.4 ಎಲ್ಲಿಂದ ಬಂತು? ನೀರು ಬೆಚ್ಚಗಿತ್ತು ಅಂತಲೂ ಇರಬಹುದು, ಚಿಪ್ಪಿನ ಒಳಗೆ ಚೂರು ಜೇಡಿಮಣ್ಣು ಉಳಿದಿತ್ತು ಅಂತಲೂ ಇರಬಹುದು. ಜೇಡಿಮಣ್ಣಿನಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ. ಕಳೆದ ಹಿಮಯುಗದಲ್ಲಿ ಉಷ್ಣವಲಯದ ಸಮುದ್ರ ತಣ್ಣಗಾಗಿದ್ದೇ ಕೆಲವು ಡಿಗ್ರಿ. ಅದರಲ್ಲಿ ಒಂದು ಡಿಗ್ರಿ ಮಣ್ಣಿನದು ಅಂದರೆ ಹೇಗೆ?

ಒಬ್ಬ ಹುಡುಗಿ ಖುಷಿಯಿಂದ ಬಂದು, "ಸರ್, ಕೆಸರಿನ ಈ ಆಳದಲ್ಲಿ ಒಂದು ಬೆಚ್ಚಗಿನ ಶಿಖರ ಸಿಕ್ಕಿದೆ" ಅಂದಳು. ಅಲ್ಯೂಮಿನಿಯಂ ಎಷ್ಟಿದೆ ಅಂತ ಕೇಳಿದೆ. ಅದೂ ಅಲ್ಲೇ ಏರಿತ್ತು. ಕಬ್ಬಿಣವೂ ಏರಿತ್ತು. ಶುದ್ಧ ಚಿಪ್ಪಿನಲ್ಲಿ ಅಲ್ಯೂಮಿನಿಯಂಗೆ ಹೆಚ್ಚು ಕೆಲಸವಿಲ್ಲ, ಅದು ಜೇಡಿಮಣ್ಣಿನ ಗುರುತು. ಮೂರೂ ಒಟ್ಟಿಗೆ ಏರಿದವು ಅಂದರೆ ಅದು ಮಣ್ಣಿನ ಶಿಖರ. ಅದೇ ಪದರದಿಂದ ಹೊಸ ಚಿಪ್ಪು ಆರಿಸಿ ತೊಳೆದಾಗ ಶಿಖರ ಕರಗಿತು. ಪಾಪ, ಅವಳಿಗೆ ಬೇಜಾರಾಯಿತು. ಆದರೆ ಮುಂದಿನ ಸಲ ಅಲ್ಯೂಮಿನಿಯಂ ನೋಡಿಕೊಂಡೇ ಬಂದಳು.

ತೊಳೆಯೋದು ಅಂದರೆ ಸುಮ್ನೆ ನೀರು ಹಾಕೋದಲ್ಲ. ಎರಡು ಗಾಜಿನ ತುಂಡುಗಳ ನಡುವೆ ಚಿಪ್ಪನ್ನು ಮೆಲ್ಲಗೆ ಒತ್ತಿ ಕೋಣೆಗಳನ್ನು ಒಡೆಯಬೇಕು. ಪುಡಿ ಆಗಬಾರದು. ಆಮೇಲೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಶುದ್ಧ ನೀರು, ಮೆಥನಾಲ್. ಚಿಪ್ಪಿನ ಚೂರು ಬೇಗ ತಳಕ್ಕೆ ಇಳಿಯುತ್ತದೆ, ಜೇಡಿ ತೇಲುತ್ತಿರುತ್ತದೆ. ಆ ಗಳಿಗೆಯಲ್ಲೇ ಮೇಲಿನ ನೀರನ್ನು ಹೀರಿ ತೆಗೆಯಬೇಕು. ತಡಮಾಡಿದರೆ ಜೇಡಿ ವಾಪಸ್ ಕೂರುತ್ತದೆ. ನನ್ನ ಪ್ರಕಾರ ಇಡೀ ಕೆಲಸದ ಕೌಶಲ ಇರುವುದೇ ಇಲ್ಲಿ. ಲಕ್ಷಾಂತರ ಬೆಲೆಯ ಯಂತ್ರ ಕೊಟ್ಟದ್ದನ್ನು ಅಳೆಯುತ್ತದೆ, ಅಷ್ಟೇ. ನಂತರ ಸಾವಯವ ಕೊಳೆಗೆ ಬಿಸಿ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ತೀರಾ ತೆಳು ಆಮ್ಲ.

ಹಾಗಂತ ಅತಿಯಾಗಿ ತೊಳೆದರೂ ಕಷ್ಟ. ಮೆಗ್ನೀಸಿಯಂ ಜಾಸ್ತಿ ಇರುವ ಭಾಗವೇ ಮೊದಲು ಕರಗೋದು. ಆಗ ಸಮುದ್ರ ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ. ಸಮುದ್ರದ ತಳದಲ್ಲೂ ಇದೇ ಆಗುತ್ತದೆ, ಆಳದ ನೀರು ಚಿಪ್ಪನ್ನು ಕರಗಿಸುತ್ತದೆ. ಹಾಗಾಗಿ ಬೇರೆ ಲ್ಯಾಬಿನ ಸಂಖ್ಯೆ ಪಕ್ಕದಲ್ಲಿಡುವ ಮುಂಚೆ ಅವರು ಹೇಗೆ ತೊಳೆದರು ಅಂತ ಓದುತ್ತೇನೆ.

ಇಷ್ಟೊಂದು ಹಠ ಯಾಕೆ ಅಂತ ಕೇಳಬಹುದು. ಮೆಗ್ನೀಸಿಯಂ ಸಂಖ್ಯೆ ಅಲ್ಲಿಗೇ ನಿಲ್ಲಲ್ಲ. 1955ರಲ್ಲಿ ಚೆಸಾರೆ ಎಮಿಲಿಯಾನಿ ಅನ್ನೋ ವಿಜ್ಞಾನಿ ಇಂಥ ಚಿಪ್ಪುಗಳ ಆಮ್ಲಜನಕದ ಐಸೊಟೋಪ್ (ಒಂದೇ ಧಾತುವಿನ ಹಗುರ, ಭಾರದ ರೂಪಗಳು) ಅಳೆದು, ಅದರ ಏರಿಳಿತವನ್ನು ಹೆಚ್ಚಾಗಿ ತಾಪಮಾನ ಅಂತ ಓದಿದರು. 1967ರಲ್ಲಿ ಇನ್ನೊಬ್ಬ ವಿಜ್ಞಾನಿ ನಿಕೊಲಸ್ ಶಾಕಲ್ಟನ್ ಅದರಲ್ಲಿ ದೊಡ್ಡ ಪಾಲು ಹಿಮದ್ದು ಅಂತ ತೋರಿಸಿದರು. ಹಿಮಯುಗದಲ್ಲಿ ಹಗುರ ಆಮ್ಲಜನಕ ಹಿಮದಲ್ಲಿ ಸಿಕ್ಕಿಕೊಂಡು, ಸಮುದ್ರದಲ್ಲಿ ಭಾರದ್ದರ ಪಾಲು ಏರಿರುತ್ತದೆ. ಈ ಎರಡನ್ನೂ ಬಿಡಿಸೋಕೆ ನಾವು ಅದೇ ಚಿಪ್ಪುಗಳ ಮೆಗ್ನೀಸಿಯಂನಿಂದ ತಾಪಮಾನ ತೆಗೆದು, ಆಮ್ಲಜನಕದ ಸಂಖ್ಯೆಯಿಂದ ಅದರ ಪಾಲನ್ನು ಕಳೆಯುತ್ತೇವೆ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಇಲ್ಲಿ ಸುಮಾರು 0.2 ಪರ್‌ಮಿಲ್ (ಸಾವಿರಕ್ಕೆ ಇಷ್ಟು ಅನ್ನೋ ಲೆಕ್ಕ) ತಪ್ಪುತ್ತದೆ. ಹಿಮಯುಗದಿಂದ ಈವರೆಗೆ ಸಮುದ್ರದ ನೀರು ಒಟ್ಟಾರೆ ಬದಲಾಗಿದ್ದೇ 1 ಪರ್‌ಮಿಲ್ ಆಸುಪಾಸು.